ನಶೆಯೂ ಇದೆ, ಎಡಿಎಚ್‌ಡಿಯೂ ಇದೆ: ಕಲಬುರಗಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಶೆ ಬಿಡಲು ಬರುವವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ನಾನು ಆಪ್ತಸಮಾಲೋಚಕಿ, ಡಾಕ್ಟರ್ ಅಲ್ಲ, ಔಷಧ ಬರೆಯುವವಳೂ ಅಲ್ಲ. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಳಗೆ ಕೇಳಲು ಸಂಕೋಚ, ಹೊರಗೆ ಬಂದರೆ ನೂರು ಅನುಮಾನ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

ಎಡಿಎಚ್‌ಡಿ ಅಂದ್ರೆ ಏನು? ಸುಮ್ನೆ ಹುಡುಗಾಟಕ್ಕೆ ಇಟ್ಟ ಇಂಗ್ಲಿಷ್ ಹೆಸರು ಅಲ್ವಾ?

ಅಲ್ಲ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಶುರು ಮಾಡಿದ ಕೆಲಸ ಮುಗಿಯುವುದಿಲ್ಲ, ವಸ್ತು ಎಲ್ಲಿಟ್ಟೆ ಅನ್ನುವುದು ನೆನಪಿರುವುದಿಲ್ಲ, ಯೋಚನೆ ಬರುವ ಮೊದಲೇ ಬಾಯಿಂದ ಮಾತು ಬಂದಿರುತ್ತದೆ. ಕೆಲವರಲ್ಲಿ ಓಡಾಟ, ಚಡಪಡಿಕೆ ಜಾಸ್ತಿ. ಇನ್ನು ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ಸುಮ್ಮನೆ ಕೂತಿರುತ್ತಾರೆ, ಮನಸ್ಸು ಮಾತ್ರ ಎಲ್ಲೋ ಇರುತ್ತದೆ. ಅಂಥವರನ್ನು ಯಾರೂ ಗುರುತಿಸುವುದೇ ಇಲ್ಲ. 1980ರಲ್ಲಿ ಇದಕ್ಕೆ ಎಡಿಡಿ ಅಂತ ಹೆಸರಿಟ್ಟರು, 1987ರಲ್ಲಿ ಎಡಿಎಚ್‌ಡಿ ಆಯಿತು. ಎರಡೂ ಒಂದೇ ಅಂತ ತಿಳಿದುಕೊಳ್ಳಿ.

ನಮ್ಮ ಕಡೆ ಇದಕ್ಕೆ ಬೇರೆಯೇ ಹೆಸರಿದೆ: ಉಡಾಳ. ಶಾಲೆಯಲ್ಲಿ ಉಡಾಳ, ಮನೆಯಲ್ಲಿ ಉಡಾಳ, ಓಣಿಯಲ್ಲಿ ಉಡಾಳ. ಇಪ್ಪತ್ತು ವರ್ಷ ಅದೇ ಮಾತು ಕೇಳಿದವನು ತಾನು ಅದೇ ಅಂತ ನಂಬಿಬಿಡುತ್ತಾನೆ. ಈ ನೋವನ್ನು ನಾನು ತುಂಬಾ ಹತ್ತಿರದಿಂದ ನೋಡಿದ್ದೇನೆ.

ಇಲ್ಲಿ ಯಾವ ನಶೆಯ ಬಗ್ಗೆ ಹೇಳುತ್ತಿದ್ದೀರಿ? ಗಾಂಜಾ ಕೂಡ ಬರುತ್ತದಾ?

ಗಾಂಜಾ ಬೇರೆ, ಸೆರೆ ಬೇರೆ. ಇಲ್ಲಿ ಹೇಳುತ್ತಿರುವುದು ಮೈಯನ್ನೂ ಮನಸ್ಸನ್ನೂ ಎಬ್ಬಿಸಿ ಓಡಿಸುವ ಪದಾರ್ಥಗಳ, ಅಂದರೆ ಉತ್ತೇಜಕಗಳ ಬಗ್ಗೆ: ಕೊಕೇನ್, ಮೆಥ್, ಆಂಫೆಟಮಿನ್, ಎಂಡಿ ಅಂತ ಕರೆಯುವ ಮೆಫೆಡ್ರೋನ್. ಇವುಗಳ ಜೊತೆ ಇನ್ನೊಂದನ್ನು ಸೇರಿಸಲೇಬೇಕು. ಆಪರೇಷನ್ ಸಮಯದಲ್ಲಿ ಇಳಿದ ಬಿಪಿ ಏರಿಸಲು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ಅನ್ನು ನಮ್ಮ ದೇಶದಲ್ಲಿ ಕೆಲವು ಜಿಮ್ ಹುಡುಗರು "ಸ್ಟ್ಯಾಮಿನಾ"ಗೆ ಅಂತ ಚುಚ್ಚಿಕೊಳ್ಳುತ್ತಾರೆ. ಪೌಡರ್ ಮುಟ್ಟದ ಹುಡುಗ ಕೂಡ "ಇದು ಮೆಡಿಕಲ್‌ನಲ್ಲಿ ಸಿಗುವ ಔಷಧ ಅಲ್ವಾ" ಅಂದುಕೊಂಡು ಇದಕ್ಕೆ ಬೀಳುತ್ತಾನೆ. ಇದಕ್ಕೂ ಚಟ ಹತ್ತುತ್ತದೆ, ಹೃದಯಕ್ಕೂ ಪೆಟ್ಟು, ತಲೆಗೂ ಪೆಟ್ಟು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಆಂಫೆಟಮಿನ್ ಜಾತಿಯ ನಶೆ ಮಾಡುವವರು ಶೇ 0.18, ಕೊಕೇನ್ ಬಳಸುವವರು ಶೇ 0.10. ಸೆರೆಗೆ ಹೋಲಿಸಿದರೆ ಇದು ತುಂಬಾ ಕಡಿಮೆ. ಆದರೆ ನಿಮ್ಮ ಮನೆಯಲ್ಲಿ ಒಬ್ಬನಿದ್ದರೆ ಆ ಲೆಕ್ಕ ಕಟ್ಟಿಕೊಂಡು ಏನು ಮಾಡುತ್ತೀರಿ?

ಎಡಿಎಚ್‌ಡಿಗೂ ಚಟಕ್ಕೂ ಏನು ಸಂಬಂಧ?

ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಇದೆ. "ಇದು ಮುಖ್ಯ, ಇಲ್ಲಿ ನಿಲ್ಲು" ಅಂತ ಮನಸ್ಸಿಗೆ ಹೇಳುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು. ಎಡಿಎಚ್‌ಡಿ ಇರುವವರಲ್ಲಿ ಈ ವ್ಯವಸ್ಥೆ ಸರಿಯಾಗಿ ನಡೆಯುವುದಿಲ್ಲ. ಹೀಗಾಗಿ ದಿನನಿತ್ಯದ ಕೆಲಸ ಅವರಿಗೆ ರುಚಿಯಿಲ್ಲದ ಊಟದ ಹಾಗೆ. ಅಂಥವನಿಗೆ ಗೆಳೆಯ ಒಂದು ದಿನ ಪುಡಿ ಕೊಟ್ಟರೆ, ಡೋಪಮಿನ್ ಒಮ್ಮೆಲೇ ಉಕ್ಕುತ್ತದೆ, ಜೀವನದಲ್ಲಿ ಮೊದಲ ಸಲ ತಲೆ ಒಂದು ಕಡೆ ನಿಂತಂತೆ ಅನಿಸುತ್ತದೆ. ಜೊತೆಗೆ ಹಿಂದುಮುಂದು ನೋಡದೆ ಮುನ್ನುಗ್ಗುವ ಸ್ವಭಾವ. ಶಾಲೆ ಅರ್ಧಕ್ಕೆ ಬಿಟ್ಟಿರುತ್ತಾನೆ, ಕೆಲಸ ನಿಲ್ಲುವುದಿಲ್ಲ, ಮನೆಯಲ್ಲಿ ಬೈಗುಳ. ಎಲ್ಲಾ ಸೇರಿ ಅವನನ್ನು ಆ ಕಡೆ ತಳ್ಳುತ್ತವೆ.

ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಜನರಿಗೆ ಎಡಿಎಚ್‌ಡಿ ಇರುತ್ತದೆ. ಚಟದ ಚಿಕಿತ್ಸೆಗೆ ಬರುವವರನ್ನು ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಸುಮಾರು ಐವರಲ್ಲಿ ಒಬ್ಬರಿಗೆ ಸಿಗುತ್ತದೆ. ಅಂದರೆ ನಶೆ ಬಿಡಿಸುವ ವಾರ್ಡಿನಲ್ಲಿ ಐದು ಮಂಚ ಇದ್ದರೆ ಒಂದರ ಮೇಲೆ ಇಂಥವನು ಮಲಗಿರಬಹುದು, ಅವನಿಗೇ ಅದು ಗೊತ್ತಿರುವುದಿಲ್ಲ.

"ಉಳಿದವರು ಅದನ್ನು ತಗೊಂಡು ಹಾರಾಡ್ತಾರೆ, ನಾನು ಮಾತ್ರ ಶಾಂತ ಆಗ್ತೀನಿ. ಹಾಗಾದರೆ ನನಗೆ ಎಡಿಎಚ್‌ಡಿ ಇದೆ ಅಂತಲೇ ಅಲ್ವಾ?"

ಅಷ್ಟರಿಂದಲೇ ಹೇಳಲಾಗುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಈ ಪದಾರ್ಥಗಳು ಎಡಿಎಚ್‌ಡಿ ಇಲ್ಲದವರಿಗೂ ಸ್ವಲ್ಪ ಹೊತ್ತು ಗಮನ ಕೊಡುತ್ತವೆ. ಡಾಕ್ಟರಿಗೆ ಈ ಮಾತನ್ನು ಖಂಡಿತ ಹೇಳಿ, ಅವರಿಗೆ ಅದು ಒಂದು ಸುಳಿವು. ಪರೀಕ್ಷೆ ಅದೇ ಅಲ್ಲ.

ನಶೆ ಮಾಡುತ್ತಿರುವಾಗ ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ಪತ್ತೆ ಹಚ್ಚುವುದು ಹೇಗೆ?

ಇಲ್ಲಿಯೇ ಕಷ್ಟ ಇರುವುದು. ನಶೆ ಏರಿದಾಗ ಚಡಪಡಿಕೆ, ಇಳಿದಾಗ ಮಂಕು, ನಿದ್ದೆಗೆಟ್ಟಾಗ ಮರೆವು. ಹೊರಗಿನಿಂದ ನೋಡಿದರೆ ಎಲ್ಲವೂ ಎಡಿಎಚ್‌ಡಿ ಥರವೇ ಕಾಣುತ್ತದೆ. ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನ್‌ನಲ್ಲಿ ಇದು ಸಿಗುವುದಿಲ್ಲ. ಮಾತಾಡಿಯೇ ತಿಳಿಯಬೇಕು.

ಡಾಕ್ಟರು ಮುಖ್ಯವಾಗಿ ಹುಡುಕುವುದು ಬಾಲ್ಯವನ್ನು. 2013ರಿಂದ ಇರುವ ನಿಯಮದ ಪ್ರಕಾರ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿರಬೇಕು. ನಶೆ ಶುರುವಾಗಿದ್ದು ಹತ್ತೊಂಬತ್ತಕ್ಕೆ, ಮರೆವು ಶುರುವಾಗಿದ್ದು ಇಪ್ಪತ್ತಕ್ಕೆ ಅಂದರೆ ಅದು ಬಹುಶಃ ನಶೆಯ ಫಲ. ನಾಲ್ಕನೇ ಕ್ಲಾಸಿನಲ್ಲೇ ದಿನಾ ಪೆನ್ಸಿಲ್ ಕಳೆದುಕೊಂಡು ಬರುತ್ತಿದ್ದ, ಮಾಸ್ತರು ವಾರಕ್ಕೊಮ್ಮೆ ಮನೆಗೆ ಹೇಳಿ ಕಳಿಸುತ್ತಿದ್ದರು ಅಂದರೆ ವಿಷಯ ಬೇರೆ. ಹೀಗಾಗಿ ಅವ್ವನನ್ನೋ ಅಕ್ಕನನ್ನೋ ಕರೆದುಕೊಂಡು ಬನ್ನಿ ಅಂತ ಡಾಕ್ಟರು ಹೇಳುತ್ತಾರೆ. ನಶೆ ಇಲ್ಲದೆ ದಿನಗಳು ಕಳೆದಿದ್ದರೆ, ಉದಾಹರಣೆಗೆ ಜೈಲಿನಲ್ಲಿದ್ದಾಗ, ಊರಲ್ಲಿ ಅಜ್ಜನ ಹೊಲದಲ್ಲಿ ಆರು ತಿಂಗಳು ಇದ್ದಾಗ, ಆಗ ಹೇಗಿದ್ದ ಅಂತಲೂ ಕೇಳುತ್ತಾರೆ. ಆರು ಪ್ರಶ್ನೆಗಳ ಒಂದು ಚೀಟಿ ತುಂಬಿಸುತ್ತಾರೆ, ಅದು ಜರಡಿ ಹಿಡಿಯಲು ಮಾತ್ರ.

ಮೊದಲು ನಶೆ ಬಿಡಲಿ, ಎಡಿಎಚ್‌ಡಿ ಆಮೇಲೆ ನೋಡೋಣ ಅಂತಾರಲ್ಲ?

ಈ ಮಾತು ನನಗೆ ತುಂಬಾ ಬೇಸರ ತರುತ್ತದೆ. ಹಿಂದೆ ಹಾಗೇ ಮಾಡುತ್ತಿದ್ದರು, ಈಗಲೂ ಎಷ್ಟೋ ಕಡೆ ಹಾಗೇ ನಡೆಯುತ್ತಿದೆ. ಯೋಚಿಸಿ ನೋಡಿ: ನಶೆ ಬಿಡಲು ಏನೇನು ಬೇಕು? ತಾರೀಖು ನೆನಪಿಟ್ಟು ದವಾಖಾನೆಗೆ ಬರಬೇಕು, ಗಂಟೆಗಟ್ಟಲೆ ಕೂತು ಕೇಳಬೇಕು, ತಲಬು ಬಂದಾಗ ಹತ್ತು ನಿಮಿಷ ತಡೆದುಕೊಳ್ಳಬೇಕು. ಎಡಿಎಚ್‌ಡಿ ಇರುವವನಿಗೆ ಕೈಲಾಗದ ಕೆಲಸಗಳು ಇವೇ. ಕಾಲಿಗೆ ಪೆಟ್ಟಾದವನಿಗೆ "ಮೊದಲು ಓಡು, ಆಮೇಲೆ ಕಾಲು ನೋಡೋಣ" ಅಂದ ಹಾಗಾಯಿತು ಇದು.

ಎಡಿಎಚ್‌ಡಿಯೂ ಚಟವೂ ಇರುವವರ ಬಗ್ಗೆ ಬೇರೆ ಬೇರೆ ದೇಶಗಳ ತಜ್ಞರು ಸೇರಿ 2018ರಲ್ಲಿ ಒಂದು ಒಮ್ಮತದ ಹೇಳಿಕೆ ಕೊಟ್ಟರು. ಅದರಲ್ಲಿ ಎರಡಕ್ಕೂ ಜೊತೆಗೇ ಚಿಕಿತ್ಸೆ ಆಗಬೇಕು ಅಂತ ಹೇಳಿದೆ. ಹಾಗಂತ ಮೊದಲ ದಿನವೇ ಮಾತ್ರೆ ಅಂತಲ್ಲ. ಮೆಥ್‌ನಂಥದ್ದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಮನುಷ್ಯ ಬಿದ್ದುಕೊಂಡೇ ಇರುತ್ತಾನೆ, ವಿಪರೀತ ನಿದ್ದೆ, ವಿಪರೀತ ಹಸಿವು, ಮನಸ್ಸು ಪಾತಾಳಕ್ಕಿಳಿದಿರುತ್ತದೆ, ಕೆಲವರಿಗೆ ಸಾಯುವ ಯೋಚನೆ ಬರುತ್ತದೆ. ಆ ದಿನಗಳಲ್ಲಿ ಒಬ್ಬರನ್ನೇ ಬಿಡಬೇಡಿ. ಸ್ವಲ್ಪ ಸ್ಥಿಮಿತಕ್ಕೆ ಬಂದ ಮೇಲೆ ಪರೀಕ್ಷೆ ಸರಿಯಾಗಿ ಆಗುತ್ತದೆ. ಕೆಲವು ದಿನ, ಕೆಲವು ವಾರ ಕಾಯುವುದು ಸರಿ. "ಒಂದು ವರ್ಷ ಪೂರ್ತಿ ಬಿಟ್ಟು ತೋರಿಸು" ಅನ್ನುವುದು ಸರಿಯಲ್ಲ.

ಎಡಿಎಚ್‌ಡಿಗೆ ಕೊಡುವುದೂ ಅದೇ ಜಾತಿಯ ಮಾತ್ರೆ ಅಂತೆ. ಬೆಂಕಿಗೆ ತುಪ್ಪ ಸುರಿದ ಹಾಗೆ ಅಲ್ವಾ?

ಈ ಭಯ ಸಹಜ, ಇದನ್ನು ಕೇಳದ ತಂದೆತಾಯಿ ನನಗೆ ಸಿಕ್ಕೇ ಇಲ್ಲ. ಹೌದು, ನಮ್ಮಲ್ಲಿ ಎಡಿಎಚ್‌ಡಿಗೆ ಹೆಚ್ಚಾಗಿ ಬರೆಯುವ ಮಿಥೈಲ್‌ಫೆನಿಡೇಟ್ ಕೂಡ ಉತ್ತೇಜಕವೇ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಅದನ್ನು ಮೊದಲು ತಯಾರಿಸಿದರು. ಅದಕ್ಕೂ ಮೊದಲು, 1937ರಲ್ಲಿ, ಚಾರ್ಲ್ಸ್ ಬ್ರಾಡ್ಲಿ ಅನ್ನುವ ಅಮೆರಿಕದ ಡಾಕ್ಟರು ಚಂಚಲ ಮಕ್ಕಳಿಗೆ ಆಂಫೆಟಮಿನ್ ಜಾತಿಯ ಔಷಧ ಕೊಟ್ಟಾಗ ಅವರು ಕೂತು ಪಾಠ ಕಲಿತದ್ದನ್ನು ಬರೆದಿದ್ದರು.

ವ್ಯತ್ಯಾಸ ಇರುವುದು ವೇಗದಲ್ಲಿ. ಸೇದಿದ, ಚುಚ್ಚಿಕೊಂಡ ನಶೆ ಸೆಕೆಂಡುಗಳಲ್ಲಿ ಮಿದುಳಿಗೆ ಹೋಗುತ್ತದೆ, ಡೋಪಮಿನ್ ದಢಾರನೆ ಏರುತ್ತದೆ. ಆ ದಢಾರ್ ಅನ್ನುವುದೇ ಮಜಾ, ಚಟ ಹಿಡಿಸುವುದೂ ಅದೇ. ಬಾಯಿಂದ ನುಂಗಿದ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಗಂಟೆಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಜೋರು ಮಳೆ ಬಂದರೆ ತೊಗರಿ ಹೊಲ ಕೊಚ್ಚಿಹೋಗುತ್ತದೆ, ಹನಿ ನೀರಾವರಿಯಲ್ಲಿ ಅದೇ ನೀರು ಬೇರಿಗೆ ಇಳಿಯುತ್ತದೆ, ಹಾಗೆ ಅಂತ ನಾನು ಮನೆಯವರಿಗೆ ಹೇಳುತ್ತೇನೆ.

ಅದಕ್ಕೇ ಚಟ ಇರುವವರಿಗೆ ಮೂರು ನಾಲ್ಕು ಗಂಟೆಯಲ್ಲಿ ಇಳಿಯುವ ಚಿಕ್ಕ ಮಾತ್ರೆಗಿಂತ, ಬೆಳಿಗ್ಗೆ ಒಂದು ಸಲ ನುಂಗುವ ದೀರ್ಘಕಾಲದ ಮಾತ್ರೆಯನ್ನು ಡಾಕ್ಟರು ಆರಿಸುತ್ತಾರೆ. ಅವುಗಳಲ್ಲಿ ಒಂದು ಬಗೆಯದು ಒಳಗೆ ಸಣ್ಣ ಪಂಪಿನ ಹಾಗೆ ಕೆಲಸ ಮಾಡುತ್ತದೆ, ಪುಡಿ ಮಾಡಿ ಮೂಗಿಗೆ ಎಳೆಯುವುದು ಕಷ್ಟ. ಎಲ್ಲರಿಗೂ ಇದು ಸರಿಹೋಗುತ್ತದೆ ಅಂತಲ್ಲ. ಕಿವಿಯಲ್ಲಿ ಮಾತು ಕೇಳಿಸುತ್ತಿದ್ದರೆ, ಯಾರೋ ಬೆನ್ನು ಹತ್ತಿದ್ದಾರೆ ಅನ್ನುವ ಅನುಮಾನ ಇದ್ದರೆ, ಹೃದಯದ ತೊಂದರೆ ಇದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹೃದಯ ನಿಂತು ತೀರಿಕೊಂಡಿದ್ದರೆ, ಇದನ್ನೆಲ್ಲ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬಿಪಿ, ನಾಡಿ ನೋಡಿಯೇ ಶುರು ಮಾಡುತ್ತಾರೆ, ಬೇಕಿದ್ದರೆ ಇಸಿಜಿ ಮಾಡಿಸುತ್ತಾರೆ.

ಚಟ ಇರುವವರಿಗೆ ಕೊಟ್ಟು ನೋಡಿದ್ದಾರಾ, ಅಥವಾ ಇದೆಲ್ಲ ಬರೀ ಮಾತಾ?

ನೋಡಿದ್ದಾರೆ. ಸ್ವೀಡನ್ನಿನಲ್ಲಿ ಆಂಫೆಟಮಿನ್ ಚಟವೂ ಎಡಿಎಚ್‌ಡಿಯೂ ಇದ್ದ 54 ಜನ ಕೈದಿಗಳಿಗೆ, ಜೈಲಿನಿಂದ ಬಿಡುಗಡೆಯಾಗುವ ಎರಡು ವಾರ ಮೊದಲು ಶುರು ಮಾಡಿ 24 ವಾರ ಚಿಕಿತ್ಸೆ ನಡೆಸಿದರು. ಅರ್ಧ ಜನರಿಗೆ ದೀರ್ಘಕಾಲದ ಮಿಥೈಲ್‌ಫೆನಿಡೇಟ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಗಮನವೂ ಸುಧಾರಿಸಿತು, ಮೂತ್ರ ಪರೀಕ್ಷೆಯಲ್ಲಿ ನಶೆ ಸಿಗುವುದೂ ಕಡಿಮೆಯಾಯಿತು. ಇದು ಪ್ರಕಟವಾಗಿದ್ದು 2014ರಲ್ಲಿ. ಮರುವರ್ಷ ಅಮೆರಿಕದಲ್ಲಿ ಕೊಕೇನ್ ಚಟದ 126 ಜನರ ಮೇಲೆ 13 ವಾರ ನಡೆದ ಅಧ್ಯಯನದಲ್ಲೂ ಇಂಥದ್ದೇ ಫಲ ಬಂತು, ಅಲ್ಲಿ ಕೊಟ್ಟಿದ್ದು ದೀರ್ಘಕಾಲದ ಆಂಫೆಟಮಿನ್ ಮಾತ್ರೆ.

ಅದಕ್ಕೂ ಮೊದಲಿನ ಕೆಲವು ಅಧ್ಯಯನಗಳಲ್ಲಿ ನಶೆಯ ಮೇಲೆ ಅಷ್ಟೇನೂ ಪರಿಣಾಮ ಕಂಡಿರಲಿಲ್ಲ. ಡೋಸ್ ಕಡಿಮೆಯಾಗಿದ್ದು ಒಂದು ಕಾರಣ ಇರಬಹುದು ಅಂತ ತಜ್ಞರು ಹೇಳುತ್ತಾರೆ. ಸ್ವೀಡನ್ನಿನಲ್ಲಿ 180 ಮಿಲಿಗ್ರಾಂವರೆಗೂ ಹೋದರು, ಇದು ದೊಡ್ಡವರಿಗೆ ಕೊಡುವ ಮಾಮೂಲಿ ಗರಿಷ್ಠ ಡೋಸಿನ ಎರಡು ಪಟ್ಟಿಗೂ ಜಾಸ್ತಿ. ದಯವಿಟ್ಟು ಇದನ್ನು ಓದಿ ಮನೆಯಲ್ಲಿ ಯಾರೂ ಡೋಸ್ ಏರಿಸಬೇಡಿ. ಅಲ್ಲಿ ಡಾಕ್ಟರು ಪಕ್ಕದಲ್ಲೇ ನಿಂತು, ಅಳೆದು ಅಳೆದು ಏರಿಸಿದ್ದು.

ಉತ್ತೇಜಕ ಅಲ್ಲದ ಮಾತ್ರೆ ಇಲ್ಲವೇ?

ಇದೆ. ಅಟೊಮಾಕ್ಸೆಟಿನ್. ಇದರಿಂದ ನಶೆ ಏರುವುದಿಲ್ಲ, ಯಾರೂ ಕದ್ದು ಮಾರುವುದಿಲ್ಲ. ಮನೆಯಲ್ಲಿ ಮಾತ್ರೆ ಕಾಯುವವರು ಯಾರೂ ಇಲ್ಲದಿದ್ದರೆ ಎಷ್ಟೋ ಡಾಕ್ಟರು ಇದನ್ನೇ ಮೊದಲು ಕೊಡುತ್ತಾರೆ. ತೊಂದರೆ ಏನೆಂದರೆ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಎಡಿಎಚ್‌ಡಿ ಇರುವವನಿಗೆ ಆರು ವಾರ ಅಂದರೆ ಆರು ವರ್ಷ! ಎರಡನೇ ವಾರಕ್ಕೇ "ಇದು ಕೆಲಸ ಮಾಡಲ್ಲ" ಅಂತ ಬಿಟ್ಟುಬಿಡುತ್ತಾರೆ. ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹಿಡಿದು ನಿಲ್ಲಿಸಬೇಕು. ಮೊದಮೊದಲು ಹೊಟ್ಟೆ ತೊಳೆಸುತ್ತದೆ, ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಮನಸ್ಸು ತೀರಾ ಕುಗ್ಗಿದರೆ, ಕಣ್ಣು ಅಥವಾ ಮೂತ್ರ ಹಳದಿಯಾದರೆ ತಕ್ಷಣ ಡಾಕ್ಟರಿಗೆ ಹೇಳಿ. ಬೇಸರಕ್ಕೆ ಬೇರೆ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ತೋರಿಸಿ, ಫ್ಲುಒಕ್ಸೆಟಿನ್, ಪರಾಕ್ಸೆಟಿನ್ ಥರದವು ಇದರ ಪ್ರಮಾಣವನ್ನು ಮೈಯಲ್ಲಿ ಏರಿಸುತ್ತವೆ. ಬುಪ್ರೊಪಿಯಾನ್, ಕ್ಲೊನಿಡಿನ್ ಕೂಡ ಕೆಲವರಿಗೆ ಬರೆಯುತ್ತಾರೆ.

ಮಾತ್ರೆ ಮನೆಯಲ್ಲಿ ಯಾರ ಕೈಯಲ್ಲಿ ಇರಬೇಕು?

ರೋಗಿಯ ಕೈಯಲ್ಲಿ ಇಡೀ ಡಬ್ಬಿ ಬೇಡ, ಮೊದಲ ತಿಂಗಳುಗಳಲ್ಲಂತೂ ಬೇಡವೇ ಬೇಡ. ಬೀಗ ಹಾಕುವ ಕಪಾಟು, ಕೀಲಿ ಒಬ್ಬರ ಹತ್ತಿರ, ದಿನಾ ಬೆಳಿಗ್ಗೆ ಒಂದು ಮಾತ್ರೆ ಕಣ್ಣೆದುರಿಗೆ. ವಾರಕ್ಕೆ ಆಗುವಷ್ಟೇ ಬರೆಸಿಕೊಳ್ಳಿ. ಇದನ್ನು ಪೊಲೀಸ್ ಕಾವಲಿನ ಹಾಗೆ ಮಾಡಬೇಡಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜಿ ಬೆಳಗಿನ ಚಹಾ ಜೊತೆಗೇ ಮಾತ್ರೆ ಕೊಡುತ್ತಿದ್ದರು, ಪಕ್ಕದಲ್ಲಿ ಕೂತು ತಾವೂ ತಮ್ಮ ಬಿಪಿ ಗುಳಿಗೆ ನುಂಗುತ್ತಿದ್ದರು. ಮೊಮ್ಮಗನಿಗೆ ಅದು ಅವಮಾನ ಅನಿಸಲೇ ಇಲ್ಲ.

ಮಿಥೈಲ್‌ಫೆನಿಡೇಟ್ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತುಗಳ ಮೇಲೆ ಹಿಡಿತ ಇಡುವ ಕಾನೂನಿನ, ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ, ಗೆಳೆಯನಿಗೆ ಒಂದು ಕೊಡುವಂತೆಯೂ ಇಲ್ಲ. ಎಲ್ಲ ಮೆಡಿಕಲ್‌ಗಳಲ್ಲೂ ಇಡುವುದಿಲ್ಲ, ಮುಗಿಯುವ ನಾಲ್ಕು ದಿನ ಮೊದಲೇ ವಿಚಾರಿಸಿ. ಪರೀಕ್ಷೆಗೆ ಓದುವ ತಂಗಿ, ತಮ್ಮಂದಿರು ಮನೆಯಲ್ಲಿದ್ದರೆ ಇನ್ನೂ ಎಚ್ಚರ ಇರಲಿ, "ಓದಲು ಒಂದು ಕೊಡು" ಅನ್ನುವ ಮಾತು ಅಲ್ಲಿಂದಲೇ ಬರುತ್ತದೆ.

ಈ ಮಾತ್ರೆ ತೆಗೆದುಕೊಂಡರೆ ಮೂತ್ರ ಪರೀಕ್ಷೆಯಲ್ಲಿ ನಶೆ ಅಂತ ಬರುತ್ತದಾ?

ಮಿಥೈಲ್‌ಫೆನಿಡೇಟ್ ಸಾಮಾನ್ಯವಾಗಿ ಆಂಫೆಟಮಿನ್ ಕಿಟ್‌ನಲ್ಲಿ ಕಾಣುವುದಿಲ್ಲ. ಬುಪ್ರೊಪಿಯಾನ್, ನೆಗಡಿಯ ಕೆಲವು ಮಾತ್ರೆಗಳು ಸುಳ್ಳು ಪಾಸಿಟಿವ್ ತೋರಿಸಬಹುದು. ಹೀಗಾಗಿ ಕಿಟ್‌ನಲ್ಲಿ ಗೆರೆ ಬಂತು ಅಂತ ಅಲ್ಲೇ ಹುಡುಗನ ಕೆನ್ನೆಗೆ ಬಾರಿಸಬೇಡಿ, ಏನೇನು ಮಾತ್ರೆ ನಡೆದಿದೆ ಅಂತ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಹಸಿವೇ ಆಗಲ್ಲ, ನಿದ್ದೆ ಬರಲ್ಲ. ಮೇಲೆ ನಮ್ಮ ಬಿಸಿಲು ಬೇರೆ. ಏನು ಮಾಡಬೇಕು?

ಹಸಿವು ಸಾಯುವುದು ಮಿಥೈಲ್‌ಫೆನಿಡೇಟಿನ ಮಾಮೂಲಿ ಗುಣ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿನ್ನಿಸಿ, ಬೆಳಿಗ್ಗೆಯೇ ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು. ಮಧ್ಯಾಹ್ನ ಅವನು ಬೇಡ ಅಂತಾನೆ, ರಾತ್ರಿ ಮಾತ್ರೆ ಇಳಿದ ಮೇಲೆ ಹಸಿವು ಬರುತ್ತದೆ, ಆಗ ಇನ್ನೊಂದು ಊಟ. ತಿಂಗಳಿಗೊಮ್ಮೆ ತೂಕ ನೋಡಿ. ನಿದ್ದೆಗೆ, ಮಾತ್ರೆ ಬೆಳಿಗ್ಗೆ ಬೇಗ ಕೊಡಿ, ಸಂಜೆಯ ಚಹಾ ಬಿಡಿಸಿ.

ಬಿಸಿಲಿನ ವಿಷಯ ಗಂಭೀರ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಉತ್ತೇಜಕ ನಶೆ ಮೈಯ ಶಾಖ ಏರಿಸುತ್ತದೆ, ಬಾಯಾರಿಕೆ ದಣಿವು ಗೊತ್ತಾಗದಂತೆ ಮಾಡುತ್ತದೆ. ನಶೆ ಮಾಡಿದವನು ಬಿಸಿಲಲ್ಲಿ ಮೈ ಸುಡುತ್ತಾ, ತೊದಲುತ್ತಾ ಬಿದ್ದರೆ, ಎದೆ ನೋವು ಅಂದರೆ, ನೆರಳಿಗೆ ಎಳೆದು ಮೈ ತಣ್ಣಗೆ ಮಾಡಿ 108ಕ್ಕೆ ಫೋನ್ ಮಾಡಿ. ಮರ್ಯಾದೆಯ ಯೋಚನೆ ಆಮೇಲೆ.

ರಂಜಾನ್ ಉಪವಾಸ ಮಾಡುವವರು ತಿಂಗಳ ಮೊದಲೇ ಡಾಕ್ಟರಿಗೆ ಹೇಳಿ. ದಿನಕ್ಕೊಂದೇ ಮಾತ್ರೆಯಾದರೆ ಸೆಹರಿಯ ಊಟದ ಜೊತೆ ತೆಗೆದುಕೊಳ್ಳುವಂತೆ ಹೊಂದಿಸಬಹುದಾ ಅಂತ ಕೇಳಿ. ನೀವೇ ಹೊತ್ತು ಬದಲಿಸಬೇಡಿ, ನಿಲ್ಲಿಸಲೂ ಬೇಡಿ.

ಮಾತ್ರೆ ಒಂದೇ ಸಾಕಾ?

ಸಾಲದು. ಕೊಕೇನ್, ಮೆಥ್ ಚಟಕ್ಕೆ ಅಂತಲೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟ ಮಾತ್ರೆ ಇವತ್ತಿಗೂ ಇಲ್ಲ. ಈ ಚಟಗಳಲ್ಲಿ ಚೆನ್ನಾಗಿ ಕೆಲಸ ಮಾಡುವುದು ಬಹುಮಾನದ ಪದ್ಧತಿ: ಮೂತ್ರ ಪರೀಕ್ಷೆ ಪ್ರತಿ ಸಲ ಶುದ್ಧ ಬಂದಾಗ ಅವತ್ತೇ ಒಂದು ಸಣ್ಣ ಬಹುಮಾನ. "ವರ್ಷ ಪೂರ್ತಿ ಸರಿಯಾಗಿದ್ದರೆ ಬೈಕ್ ಕೊಡಿಸ್ತೀನಿ" ಅನ್ನುವುದಕ್ಕಿಂತ ಇವತ್ತಿನ ಮೊಬೈಲ್ ರೀಚಾರ್ಜ್ ಇಂಥವರಿಗೆ ಜಾಸ್ತಿ ಹಿಡಿಸುತ್ತದೆ, ದೂರದ್ದು ಅವರ ಮನಸ್ಸಿಗೆ ನಿಲುಕುವುದೇ ಇಲ್ಲ. ಜೊತೆಗೆ ಆಪ್ತಸಮಾಲೋಚನೆ, ಚಿಕ್ಕ ಚಿಕ್ಕ ಬೈಠಕ್‌ಗಳಲ್ಲಿ. ಕೆಲಸದ ಪಟ್ಟಿ ಗೋಡೆಗೆ, ಅಲಾರಂ ಮೊಬೈಲ್‌ಗೆ.

ಗುಟ್ಕಾ ಬಿಡಿಸಬೇಕಾ?

ನಿಕೋಟಿನ್ ಕೂಡ ಉತ್ತೇಜಕವೇ. ಎಡಿಎಚ್‌ಡಿ ಇರುವವರಲ್ಲಿ ತಂಬಾಕು ಜಾಸ್ತಿ, ಶುರುವಾಗುವುದೂ ಬೇಗ. ಬಿಡಿಸಬೇಕು, ಅದಕ್ಕೂ ಔಷಧ ಇದೆ, ಇದೇ ಡಾಕ್ಟರನ್ನೇ ಕೇಳಿ.

ಮತ್ತೆ ನಶೆ ಮಾಡಿಬಿಟ್ಟರೆ ಮಾತ್ರೆ ನಿಲ್ಲಿಸಬೇಕಾ?

ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಅವತ್ತೇ ಹೇಳಿ. ಒಂದು ಸಲ ಜಾರಿದರೆ ಭೇಟಿ ಹತ್ತಿರ ಹತ್ತಿರ ಇಡುತ್ತಾರೆ, ಮೂರು ದಿನದ ಮಾತ್ರೆ ಮಾತ್ರ ಕೊಡಬಹುದು, ಅಟೊಮಾಕ್ಸೆಟಿನ್‌ಗೆ ಬದಲಿಸಬಹುದು. ಮಾತ್ರೆ ಮಾರುತ್ತಿದ್ದಾನೆ, ಪುಡಿ ಮಾಡುತ್ತಿದ್ದಾನೆ ಅಂದರೆ ಉತ್ತೇಜಕ ನಿಲ್ಲಿಸಲೇಬೇಕಾಗುತ್ತದೆ, ಚಿಕಿತ್ಸೆ ನಿಲ್ಲಬಾರದು. ಒಬ್ಬ ಹುಡುಗ ಜಾರಿದ್ದನ್ನು ಮೂರು ವಾರ ಮುಚ್ಚಿಟ್ಟಿದ್ದ, ಹೇಳಿದರೆ ಅಪ್ಪ ಮನೆಯಿಂದ ಹಾಕುತ್ತಾರೆ ಅನ್ನುವ ಭಯಕ್ಕೆ. ಅವನು ಮೊದಲ ದಿನವೇ ಹೇಳಿದ್ದರೆ ಆಸ್ಪತ್ರೆಗೆ ಸೇರಿಸುವ ಮಾತೇ ಬರುತ್ತಿರಲಿಲ್ಲ. ಹೇಳಲು ಧೈರ್ಯ ಬರುವ ಹಾಗೆ ಮನೆಯಲ್ಲಿ ಇರಿ, ಇಷ್ಟೇ ನನ್ನ ಬೇಡಿಕೆ.

ದವಾಖಾನೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ?

ಚಿಕಿತ್ಸೆ ಕೇಳಿಕೊಂಡು ಬಂದವನನ್ನು ದವಾಖಾನೆಯವರು ಹಿಡಿದುಕೊಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಯಬೇಕು ಅನ್ನುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲಿ, ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೇ. ಮಾರುವವರಿಗೆ ಇದು ಅನ್ವಯಿಸುವುದಿಲ್ಲ.

ಚಿಕ್ಕ ಮಗನಿಗೂ ಎಡಿಎಚ್‌ಡಿ ಅಂದಿದ್ದಾರೆ. ಮಾತ್ರೆ ಕೊಟ್ಟರೆ ಅವನೂ ಅಣ್ಣನ ಹಾಗೆ ಆಗ್ತಾನಾ?

ಬಾಲ್ಯದಲ್ಲಿ ಡಾಕ್ಟರು ಹೇಳಿದಂತೆ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಮುಂದೆ ಚಟ ಜಾಸ್ತಿಯಾಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಕೆಲವು ಅಧ್ಯಯನಗಳಲ್ಲಿ ಕಡಿಮೆಯೇ ಆಗಿದೆ. ಅಣ್ಣನನ್ನು ನೋಡಿ ತಮ್ಮನ ಚಿಕಿತ್ಸೆ ತಡ ಮಾಡಬೇಡಿ.

ಎಲ್ಲಿಗೆ ಹೋಗಬೇಕು? ಏನು ತಗೊಂಡು ಹೋಗಬೇಕು?

ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹೊರರೋಗಿ ಚೀಟಿ ಮಾಡಿಸುವಾಗ ಮನೋರೋಗ ವಿಭಾಗ ಅಂತ ಕೇಳಿ. ಸೇಡಂ, ಚಿಂಚೋಳಿ, ಆಳಂದ ಕಡೆಯವರು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆ ಅಂತ ವಿಚಾರಿಸಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರುವ ವ್ಯವಸ್ಥೆ ಇದೆ. ತೀರಾ ಜಟಿಲವಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416, ನಶೆಗಾಗಿಯೇ ಇರುವ ಸಹಾಯವಾಣಿ 14446.

ಹೋಗುವಾಗ ಈಗ ನಡೆಯುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳು ಇರಲಿ. ಟ್ರಂಕಿನ ತಳದಲ್ಲಿ ಪ್ರಾಥಮಿಕ ಶಾಲೆಯ ಮಾರ್ಕ್ಸ್ ಕಾರ್ಡ್ ಇದ್ದರೆ ಅದನ್ನೂ ತೆಗೆದುಕೊಳ್ಳಿ, ಮಾಸ್ತರು ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ ಏನೋ ಬರೆದಿರುತ್ತಾರೆ. ಅವ್ವನನ್ನು ಕರೆದುಕೊಂಡೇ ಹೋಗಿ. ಒಳಗೆ ಮಾತಾಡಲು ಅವರಿಗೂ ಐದು ನಿಮಿಷ ಕೊಡಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.